ಉರಿಯನ್ನು ಹೊರುವ ಜಾಲರಿ

(ಕಾರಖಾನೆಯ ಕೆಲಸಗಾರರೂ ಶಾಲಾ ಮಾಸ್ತರರೂ ಕೂಡಿದ್ದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಕೋರ್ಟಿನ ಕಟ್ಟೆಯನ್ನು ಬಿಟ್ಟು ಕುಲುಮೆಯ ಕಟ್ಟೆಗೆ ಈ ವಕೀಲನು ಏಕೆ ಬಂದನೆಂದು ತಾವು ಕೇಳಬಹುದು. ಕೇಳುವದು ನ್ಯಾಯವೇ ಸರಿ. ನಾನು ಯಂತ್ರಶಿಲ್ಪಿಯಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಕಡೆಗೆ ಬಂದ ಒಂದು ಮೊಕದ್ದಮೆಯು ನನ್ನನ್ನು ಕುಲುಮೆಯ ಬಾಯಿಗೆ ಎಳೆದೊಯ್ದಿತು. ಅಲ್ಲಿ ಕಲಿತದ್ದನ್ನೇ ಇಂದು ತಮ್ಮ ಮುಂದೆ ಅರಿಕೆ ಮಾಡುವೆನು.

ನಮ್ಮ ಕಡೆಯ ಒಂದು ಚಿಕ್ಕ ಕಾರಖಾನೆಯಲ್ಲಿ ಕಲ್ಲಿದ್ದಲಿನ ಕುಲುಮೆಯ ಜಾಲರಿಯು ಮೇಲಿಂದ ಮೇಲೆ ಸುಟ್ಟು ಬಾಗುತ್ತಿದ್ದಿತು. ಬೇಸತ್ತ ಮಾಲಕರು ಅದನ್ನು ತೆಗೆಯಿಸಿ, ಒಳಗೆ ನೀರು ಹರಿಯುವ ಪೊಳ್ಳು ದಂಡಗಳ ಹೊಸ ಜಾಲರಿಯನ್ನು ಕೂಡಿಸಿದರು. ಒಂದು ರಾತ್ರಿ ಕೊಳವೆಯ ಒಂದು ಕೂಡಿಕೆಯಿಂದ ನೀರು ಸೋರಹತ್ತಿತು. ಉರಿ ನೋಡುವ ಕೆಲಸಗಾರನು, ಸೋರುವ ನಲ್ಲಿಯನ್ನು ಕಂಡರೆ ನಾವೆಲ್ಲರೂ ಮಾಡುವಂತೆಯೇ ಮಾಡಿದನು. ನೀರು ಒಳಬರುವ ತಿರುಪನ್ನು ಮುಚ್ಚಿದನು, ಹೊರಹೋಗುವ ತಿರುಪನ್ನೂ ಮುಚ್ಚಿದನು. ಸ್ವಲ್ಪ ಹೊತ್ತಿನಲ್ಲಿಯೇ ದಂಡವು ಒಡೆದು ಉಗಿಯೂ ಕೆಂಡವೂ ಹೊರಚಿಮ್ಮಿದವು. ಅವನ ಮುಖವೂ ಬಲಗೈಯೂ ಬೆಂದುಹೋದವು. ಗೋಡೆಯ ಮೇಲೆ ಎಚ್ಚರಿಕೆಯ ಹಲಗೆಯೊಂದಿದ್ದಿತು. ಅದು ಇಂಗ್ಲಿಷಿನಲ್ಲಿದ್ದಿತು. ಅವನಿಗೆ ಓದಲು ಬರುತ್ತಿದ್ದುದು ಕನ್ನಡವೊಂದೇ.

‘ತಪ್ಪು ಅವನದೇ, ತಿರುಪನ್ನು ಅವನೇ ಮುಚ್ಚಿದನಲ್ಲವೇ?’ ಎಂದು ಎದುರುಪಕ್ಷದ ವಕೀಲರು ವಾದಿಸಿದರು. ಆ ಮಾತಿಗೆ ಉತ್ತರ ಕೊಡಬೇಕಾದರೆ ಜಾಲರಿಯೆಂದರೇನು, ಅದಕ್ಕೆ ನೀರೇಕೆ, ಅದು ತೂಗಬೇಕೇಕೆ ಎಂಬುದನ್ನು ನಾನು ಮೊದಲಿನಿಂದ ಕಲಿಯಬೇಕಾಯಿತು.

ಜಾಲರಿಯ ಕೆಲಸಗಳು ಮೂರು. ಕೆಂಡವನ್ನು ಹೊರುವದು, ಕೆಳಗಿನಿಂದ ಗಾಳಿಯನ್ನು ಬಿಡುವದು, ಬೂದಿಯನ್ನು ಕೆಳಗಿಳಿಸುವದು. ಕಲ್ಲಿದ್ದಲಿನ ಕೆಂಡದ ಉಷ್ಣವು 1200ರಿಂದ 1400 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುವದುಂಟು. ಎರಕದ ಕಬ್ಬಿಣವಾದರೋ ಸುಮಾರು 1200 ಡಿಗ್ರಿಯೊಳಗಾಗಿಯೇ ಕರಗಿ ನೀರಾಗುವದು. ಹಾಗಿದ್ದೂ ಸಾಮಾನ್ಯ ಜಾಲರಿಯು ಬದುಕುವದು ಹೇಗೆ? ಅದಕ್ಕೆ ಇಬ್ಬರು ರಕ್ಷಕರಿರುವರು. ಕೆಳಗಿನಿಂದ ನುಗ್ಗುವ ತಣ್ಣಗಿನ ಗಾಳಿ ಒಬ್ಬನು. ಕೆಂಡಕ್ಕೂ ಕಬ್ಬಿಣಕ್ಕೂ ನಡುವೆ ಮಲಗಿರುವ ತೆಳುವಾದ ಬೂದಿಯ ಪದರು ಇನ್ನೊಬ್ಬನು.

ಈ ರಕ್ಷಕರಿಬ್ಬರೂ ನಂಬಿಗಸ್ತರಲ್ಲ. ಬೂದಿಯು ಕರಗಿ ಕಿಟ್ಟಗಟ್ಟಿ ಜಾಲರಿಯ ಸಂದುಗಳನ್ನು ಮುಚ್ಚಿತೆಂದರೆ ಗಾಳಿಯು ನಿಲ್ಲುವದು. ಗಾಳಿ ನಿಂತಲ್ಲಿ ಕಬ್ಬಿಣವು ಕೆಂಪಗಾಗುವದು. ಕೆಳಗಣ ಬೂದಿಗುಂಡಿಯನ್ನು ತೆಗೆಯದೆ ಬಿಟ್ಟರೆ, ಅಲ್ಲಿ ಬಿದ್ದ ಕೆಂಡವು ಜಾಲರಿಯನ್ನು ಕೆಳಗಿನಿಂದಲೂ ಸುಡುವದು. ಎರಕದ ಕಬ್ಬಿಣವು 450-500 ಡಿಗ್ರಿ ದಾಟಿತೆಂದರೆ ಅದರ ಬಲವು ಇಳಿಯುತ್ತ ಹೋಗುವದು. ಅದಲ್ಲದೆ ಮತ್ತೆ ಮತ್ತೆ ಕಾಯ್ದು ಆರಿದಂತೆ ಅದರೊಳಗಿನ ಇಂಗಾಲವು ಬೇರ್ಪಟ್ಟು, ಸೀಳುಗಳಲ್ಲಿ ತುಕ್ಕು ಹೊಕ್ಕು, ಆ ಕಬ್ಬಿಣವು ಶಾಶ್ವತವಾಗಿ ಉಬ್ಬುವದು. ಒಂದು ಮೀಟರು ಉದ್ದದ ದಂಡವನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಅದು ಸುಮಾರು 6 ಮಿಲಿಮೀಟರು ಬೆಳೆಯುವದು. ಬೆಳೆಯಲು ಎಡೆಯಿಲ್ಲದಿದ್ದರೆ ಬಾಗುವದು. ಜಾಲರಿಗಳು ಬಿಲ್ಲಿನಂತಾಗುವದಕ್ಕೆ ಕಾರಣವಿದು.

ಇನ್ನು ತೂಗುವ ಮಾತು. ನಮ್ಮ ಇಂಡಿಯಾದ ಕಲ್ಲಿದ್ದಲಿನಲ್ಲಿ ಬೂದಿಯು ಬಹಳ. ನೂರು ಪಾಲಿನಲ್ಲಿ 30ರಿಂದ 45 ಪಾಲಿನವರೆಗೆ ಇರುವದು ಸಾಮಾನ್ಯ. ಅಂದರೆ ಮೂರು ಬುಟ್ಟಿ ಕಲ್ಲಿದ್ದಲು ಹಾಕಿದರೆ ಹೆಚ್ಚುಕಡಿಮೆ ಒಂದು ಬುಟ್ಟಿಯ ತೂಕದ ಬೂದಿಯನ್ನು ಹೊರಗೆ ಹಾಕಬೇಕು. 1947ರಲ್ಲಿ ನಮ್ಮ ರೈಲುದಾರಿಗೆ ಬಂದ ‘ಡಬ್ಲ್ಯು.ಪಿ.’ ಇಂಜಿನಿಗೆ ಅಗಲವಾದ ಉರಿಪೆಟ್ಟಿಗೆಯನ್ನು ಕೊಟ್ಟುದು ಇಂಥ ಕೀಳುದರ್ಜೆಯ ಕಲ್ಲಿದ್ದಲನ್ನು ಸುಡಬೇಕಾಗಿದ್ದುದರಿಂದಲೇ. ಬೂದಿಯನ್ನು ಸಲಾಕೆಯಿಂದ ಕೆದರಿ ತೆಗೆಯುವದು ಬೆನ್ನು ಮುರಿಯುವ ಕೆಲಸ. ಬಾಗಿಲನ್ನು ತೆರೆದಷ್ಟು ಹೊತ್ತೂ ತಣ್ಣನೆಯ ಗಾಳಿ ನುಗ್ಗಿ ಉರಿ ಕೆಡುವದು. ಆದಕಾರಣ ಜಾಲರಿಯ ದಂಡಗಳನ್ನೇ ತೊಟ್ಟಿಲಿನಂತೆ ತೂಗುವ ಉಪಾಯವು ಬಂದಿತು. ಸನ್ನೆಗೋಲನ್ನು ಸ್ವಲ್ಪ ಆಡಿಸಿದರೆ ಬೂದಿ ಉದುರುವದು. ಪೂರ್ತಿ ಎಳೆದರೆ ಕಿಟ್ಟ ಮುರಿದು ಕೆಳಗೆ ಬೀಳುವದು. ಬ್ರಿಟಿಷ್ ರೈಲ್ವೆಯವರು 1951ರಲ್ಲಿ ಓಡಿಸಿದ ‘ಬ್ರಿಟಾನಿಯಾ’ ಇಂಜಿನುಗಳಲ್ಲಿ ಇಂಥ ತೂಗುಜಾಲರಿಗಳೇ ಇದ್ದವು.

ನೀರಿನ ಗುಣವನ್ನು ತಿಳಿಯಲು ಮಾಸ್ತರರು ತರಗತಿಯಲ್ಲಿ ಒಂದು ಪ್ರಯೋಗ ಮಾಡಬಹುದು. ತೆಳುಗಾಗದದ ದೊನ್ನೆಯಲ್ಲಿ ನೀರು ಹಾಕಿ, ನೀರಿನ ಮಟ್ಟಕ್ಕಿಂತ ಕೆಳಗೆ ದೀಪದ ಉರಿ ಹಿಡಿಯಿರಿ. ನೀರು ಕುದಿಯುವದು, ಕಾಗದವು ಸುಡುವದಿಲ್ಲ. ಕಾಗದಕ್ಕೆ ಬಂದ ಉಷ್ಣವನ್ನು ನೀರು ಆ ಕ್ಷಣವೇ ಕಸಿದುಕೊಂಡು ಹೋಗುವದು. ಬೆಂಕಿಯೆದುರು ಬಾಳುವದು ಗಟ್ಟಿಯಾದ ವಸ್ತುವಲ್ಲ. ತನಗೆ ಬಂದ ಉಷ್ಣವನ್ನು ಬೇಗನೆ ದಾಟಿಸುವ ವಸ್ತು. ಜಾಲರಿಯ ಶಾಸ್ತ್ರಕ್ಕೆಲ್ಲ ಇದೇ ಮೂಲ.

ಅಮೇರಿಕೆಯ ಪೆನ್ಸಿಲ್ವೇನಿಯಾ ಸೀಮೆಯಲ್ಲಿ ಆಂಥ್ರಸೈಟು ಎಂಬ ಗಡಸು ಕಲ್ಲಿದ್ದಲು ದೊರೆಯುವದು. ಅದರ ಜ್ವಾಲೆ ಗಿಡ್ಡ. ಉಷ್ಣವೆಲ್ಲ ಜಾಲರಿಯ ಮೇಲೆಯೇ ಕೂಡುವದು. ಅಲ್ಲಿಯ ರೈಲ್ವೆಯ ವೂಟನ್ ಎಂಬವರು 1877ರಲ್ಲಿ ಈ ಕಲ್ಲಿದ್ದಲಿನ ಪುಡಿಯನ್ನು ಸುಡಲು ಅಗಲವಾದ ಉರಿಪೆಟ್ಟಿಗೆಯನ್ನು ರಚಿಸಿದರು. ಆಂಥ್ರಸೈಟು ಸುಡುವ ಇಂಜಿನುಗಳಲ್ಲಿ ಜಾಲರಿಯ ದಂಡಗಳ ಬದಲಿಗೆ ನೀರು ತುಂಬಿದ ಕೊಳವೆಗಳನ್ನು ಇಳಿಜಾರಾಗಿ ಕೂಡಿಸಿ, ಬಾಯ್ಲರಿನ ನೀರನ್ನೇ ಅವುಗಳಲ್ಲಿ ಹರಿಸುತ್ತಿದ್ದರು. ಆದರೆ ಆ ಕೊಳವೆಗಳು ಅಲುಗಾಡುವಂತಿರಲಿಲ್ಲ. ಬೂದಿ ತೆಗೆಯುವದಕ್ಕಾಗಿ ನಡುನಡುವೆ ಹೊರಗೆಳೆಯಬಹುದಾದ ಘನ ಸಲಾಕೆಗಳನ್ನು ಇಡಬೇಕಾಯಿತು.

ಇಲ್ಲಿಯೇ ನಮ್ಮ ವ್ಯಾಜ್ಯದ ಬೇರು ಇರುವದು. ನೀರಿಗೆ ಸ್ಥಿರವಾದ, ಸೋರದ ಕೂಡಿಕೆ ಬೇಕು. ತೂಗಿಗೆ ಚಲಿಸುವ ಕೂಡಿಕೆ ಬೇಕು. ಚಲಿಸುವ ಕೂಡಿಕೆಯು ಬೂದಿಯ ಧೂಳಿನಲ್ಲಿ ಸವೆದು ಇಂದಲ್ಲ ನಾಳೆ ಸೋರಿಯೇ ಸೋರುವದು. ಈ ಎರಡು ಪಕ್ಷಗಳಿಗೆ ರಾಜಿ ಮಾಡಿಸುವದೇ ಬಾಳುವ ಜಾಲರಿಯ ರಚನೆ.

ರಾಜಿಯ ಮೊದಲನೆಯ ಕಲಮು: ಜಾರುವ ಕೂಡಿಕೆಯನ್ನು ಆದಷ್ಟು ಬಿಟ್ಟು, ಬಾಗುವ ಲೋಹವನ್ನು ನಂಬಬೇಕು. ಬಾಯ್ಲರುಗಳ ನೀರ್ತಂಪಿನ ಕಂಪಿಸುವ ಜಾಲರಿಗಳಲ್ಲಿ ಇದನ್ನೇ ಮಾಡಿರುವರು. ಕೊಳವೆಗಳ ಹಾಸು ಉಕ್ಕಿನ ಬಾಗುಪಟ್ಟಿಗಳ ಮೇಲೆ ನಿಲ್ಲುವದು. ಬಾಯ್ಲರಿಗೆ ಹೋಗುವ ಉದ್ದವಾದ ಡೊಂಕುಗೊಳವೆಗಳು ತಾವೇ ಸ್ವಲ್ಪ ಬಾಗಿ ಆ ಅಲುಗಾಟವನ್ನು ತಾಳುವವು. ದೊಡ್ಡದಾಗಿ ತೂಗುವ ದಂಡವಾದರೆ ನೀರಿನ ಎರಡೂ ಬಾಯಿಗಳನ್ನು ಒಂದೇ ತುದಿಗೆ, ಕುಲುಮೆಯ ಗೋಡೆಯ ಹೊರಗೆ ತರಬೇಕು. ನಡುವಿನ ಸಣ್ಣ ಕೊಳವೆಯಿಂದ ಒಳಹೊಕ್ಕ ನೀರು ಮುಚ್ಚಿದ ತುದಿಯನ್ನು ಮುಟ್ಟಿ, ಹೊರಗೋಡೆಯ ಬಳಸಿನಲ್ಲಿ ಹಿಂದಿರುಗುವದು. ಆ ಇನ್ನೊಂದು ತುದಿಯನ್ನು ಬಿಗಿಯದೆ ಬಿಟ್ಟರೆ ದಂಡವು ಕಾಯ್ದಾಗ ಸುಖವಾಗಿ ಬೆಳೆಯುವದು. ಹೊರಗಿನ ಬಾಗುಗೊಳವೆಯನ್ನು ದಂಡಕ್ಕೆ ಅಡ್ಡಲಾಗಿ, ಅದು ತಿರುಗುವ ಸಮತಲದಲ್ಲಿಯೇ ಕೂಡಿಸಬೇಕು. ಲೋಹದ ಬಾಗುಗೊಳವೆಯು ಬಾಗುವದನ್ನು ಸಹಿಸುವದು, ಹಿಂಡುವದನ್ನು ಸಹಿಸದು.

ಎರಡನೆಯ ಕಲಮು: ಸವೆಯುವದು ಬೇರೆ, ಹೊರುವದು ಬೇರೆ ಇರಬೇಕು. ಕೆಂಡವನ್ನು ಮುಟ್ಟುವ ಹಲ್ಲುಗಳನ್ನು ಎರಕದಲ್ಲಿ ಬೇರೆಯಾಗಿ ಮಾಡಿ ನೀರಿನ ದಂಡದ ಮೇಲೆ ಬಿಗಿಯಬೇಕು. ಹಲ್ಲು ಸವೆದರೆ ಹಲ್ಲನ್ನು ಬದಲಿಸಬಹುದು, ದಂಡ ಉಳಿಯುವದು. ಆದರೆ ಹಲ್ಲಿಗೂ ದಂಡಕ್ಕೂ ನಡುವೆ ಎಡೆ ಬಿಟ್ಟರೆ ಅಲ್ಲಿಯ ಗಾಳಿಯು ಕಂಬಳಿಯಂತೆ ಉಷ್ಣವನ್ನು ತಡೆಯುವದು. ನೀರು ಪಕ್ಕದಲ್ಲಿದ್ದೂ ಹಲ್ಲು ಸುಡುವದು. ಹಾಗೆಯೇ ಸನ್ನೆಗೋಲಿನ ಸರಣಿಯಲ್ಲಿ ಬೇಕೆಂದೇ ಒಂದು ಮೆತ್ತನೆಯ ಮೊಳೆಯನ್ನಿಡಬೇಕು. ಕಿಟ್ಟ ಸಿಕ್ಕಿಕೊಂಡಾಗ ಆ ಅಗ್ಗದ ಮೊಳೆ ಮುರಿಯಲಿ, ಬೆಲೆಯುಳ್ಳ ದಂಡವು ಮುರಿಯದಿರಲಿ.

ಮೂರನೆಯದು ಉಗಿಯ ಗುಳ್ಳೆಗಳ ಮಾತು. ಒಲೆಯ ಮೇಲಿನ ಪಾತ್ರೆಗೆ ಉರಿಯು ಕೆಳಗಿನಿಂದ ತಗಲುವದು, ಗುಳ್ಳೆಗಳು ಮೇಲೇರಿ ಹೋಗುವವು. ಜಾಲರಿಗೆ ಉರಿಯು ಮೇಲಿನಿಂದ ತಗಲುವದು. ಆದುದರಿಂದ ಗುಳ್ಳೆಗಳು ಉರಿ ಹೆಚ್ಚಾದ ಮೇಲುಗೋಡೆಗೇ ಅಂಟಿ ನಿಲ್ಲುವವು. ಅಲ್ಲಿ ನೀರು ಮುಟ್ಟದೆ ಲೋಹವು ಸುಡುವದು. ಹಾಗಾಗದಂತೆ ನೀರು ಹೊರಬೀಳುವ ತುದಿಯನ್ನು ತುಸು ಎತ್ತರಿಸಿ, ನೀರನ್ನು ಚುರುಕಾಗಿ ಓಡಿಸಬೇಕು.

ಈಗ ಒಂದು ಲೆಕ್ಕ ಹಾಕೋಣ. ಒಂದು ಚದರ ಮೀಟರು ಜಾಲರಿಯ ಮೇಲೆ ಗಂಟೆಗೆ 100 ಕಿಲೋ ಕಲ್ಲಿದ್ದಲು ಉರಿಯುವದೆನ್ನಿರಿ; ಕಿಲೋ ಒಂದಕ್ಕೆ 4,300 ಕಿಲೋಕ್ಯಾಲರಿ. ಒಟ್ಟು 4,30,000. ಅದರಲ್ಲಿ ನೂರಕ್ಕೆ ಐದು ಪಾಲು ಜಾಲರಿಗೆ ಹೋಯಿತೆಂದು ಹಿಡಿದರೆ ಗಂಟೆಗೆ 21,500 ಕಿಲೋಕ್ಯಾಲರಿ. ಒಂದು ಲೀಟರು ನೀರು ಒಂದು ಡಿಗ್ರಿ ಏರಲು ಒಂದು ಕಿಲೋಕ್ಯಾಲರಿ ಬೇಕು. ನೀರು ಹತ್ತೇ ಡಿಗ್ರಿ ಏರಬೇಕಾದರೆ ಗಂಟೆಗೆ 2,150 ಲೀಟರು, ಅಂದರೆ ನಿಮಿಷಕ್ಕೆ ಸುಮಾರು 36 ಲೀಟರು ಹರಿಯಬೇಕು. ಈ ಉಷ್ಣವು ನಷ್ಟವೆಂದು ತಿಳಿಯಬೇಡಿರಿ. ಆ ನೀರನ್ನು ಬಾಯ್ಲರಿಗೇ ಹಾಯಿಸಿದರೆ ಅದು ನಮ್ಮ ಲಾಭದ ಖಾತೆಗೇ ಬರುವದು.

ಇನ್ನು ನೀರು ನಿಂತಿತೆನ್ನಿರಿ. ದಂಡಗಳಲ್ಲಿ 80 ಡಿಗ್ರಿಯ 5 ಲೀಟರು ನೀರಿದೆ. ಅದು ಕುದಿತಕ್ಕೆ ಬರಲು 100 ಕಿಲೋಕ್ಯಾಲರಿ ಸಾಕು. ಮೇಲಿನ ಲೆಕ್ಕದಂತೆ ಅದಕ್ಕೆ ಹಿಡಿಯುವ ಕಾಲವು 17 ಸೆಕೆಂಡು! ಆ ಬಳಿಕ ಉಗಿ. ಒಂದು ಲೀಟರು ನೀರು ಸಾಧಾರಣ ಒತ್ತಡದಲ್ಲಿ ಸುಮಾರು 1,600 ಲೀಟರು ಉಗಿಯಾಗುವದು. ಅದಕ್ಕೆ ಹೊರದಾರಿಯಿಲ್ಲದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುವದು.

ಈ ಲೆಕ್ಕವನ್ನು ನಾನು ನ್ಯಾಯಾಧೀಶರ ಮುಂದೆ ಇಟ್ಟೆನು. ‘ಸ್ವಾಮಿ, ಸೋರುವದನ್ನು ಕಂಡು ತಿರುಪು ಮುಚ್ಚುವದು ಮನುಷ್ಯನ ಸ್ವಭಾವವು. ಸ್ವಭಾವದಂತೆ ನಡೆದವನನ್ನು 17 ಸೆಕೆಂಡಿನಲ್ಲಿ ಮರಣದ ಬಾಗಿಲಿಗೆ ಒಯ್ಯುವ ಯಂತ್ರದಲ್ಲಿ ತಪ್ಪು ಯಂತ್ರದ್ದೋ, ಮನುಷ್ಯನದೋ?’ ಎಂದು ಕೇಳಿದೆನು. ಪರಿಹಾರವು ದೊರೆಯಿತು. ಬೆಂದ ಕೈ ಮಾತ್ರ ಮೊದಲಿನಂತಾಗಲಿಲ್ಲ.

ಆದುದರಿಂದ ನಾಲ್ಕನೆಯ ಕಲಮನ್ನು ಎಲ್ಲಕ್ಕೂ ಮೇಲೆ ಬರೆಯಬೇಕು. ಬೇರೆಯಾದ ನೀರಿನ ಸುತ್ತಿದ್ದರೆ ಹೊರಹೋಗುವ ದಾರಿಯಲ್ಲಿ ಮುಚ್ಚುವ ತಿರುಪೇ ಇರಕೂಡದು. ನೀರು ತೆರೆದ ಕೊಳಗಕ್ಕೆ ಕಣ್ಣಿಗೆ ಕಾಣುವಂತೆ ಬೀಳಬೇಕು; ನಿಂತರೆ ಕೂಡಲೆ ತಿಳಿಯಬೇಕು. ಬಾಯ್ಲರಿನ ಸುತ್ತಿಗೇ ಕೂಡಿಸಿದ ಕೊಳವೆಗಳಾದರೆ ಅವುಗಳ ನಡುವೆ ತಡೆಯಿರಬಾರದು. ವಿದ್ಯುತ್ತು ಹೋಗಿ ಪಂಪು ನಿಂತಾಗ ತಾನಾಗಿಯೇ ನೀರು ಇಳಿಯುವಂತೆ ಮೇಲೆ ಒಂದು ತೊಟ್ಟಿ ಬೇಕು. 500 ಲೀಟರಿನ ತೊಟ್ಟಿಯು ನಮ್ಮ ಲೆಕ್ಕದ ಜಾಲರಿಯನ್ನು ಸುಮಾರು 14 ನಿಮಿಷ ಕಾಯುವದು; ಅಷ್ಟರೊಳಗೆ ಗಾಳಿಯನ್ನು ನಿಲ್ಲಿಸಿ ಉರಿಯನ್ನು ಇಳಿಸಬಹುದು.

ನೀರಿನ ಗುಣದ ಬಗ್ಗೆ ಎರಡೇ ಮಾತು. ಗಡಸು ನೀರು ಕಾಯಿಸುವ ಹಂಡೆಯೊಳಗೆ ಸುಣ್ಣದ ಪೊರೆ ಕಟ್ಟುವದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಅಂಥದೇ ಪೊರೆಯು ದಂಡದೊಳಗೆ ಎರಡು ಮಿಲಿಮೀಟರು ಕಟ್ಟಿದರೆ, ಬಿರುಸಾದ ಉರಿಯಲ್ಲಿ ಲೋಹವು ನೂರು ಡಿಗ್ರಿಯಷ್ಟು ಹೆಚ್ಚು ಕಾಯಬಹುದು. ದಿನವೂ ಹೊಸ ನೀರು ಹಾಕದೆ, ಮೆದುಗೊಳಿಸಿದ ಅದೇ ನೀರನ್ನು ಸುತ್ತಿಸುವದು ಮೇಲು. ಬಹಳ ತಣ್ಣಗಿನ ನೀರೂ ಬೇಡ. ದಂಡದ ಮೈ ಬೆವತು ಒದ್ದೆಬೂದಿಯು ಅದನ್ನು ತಿನ್ನುವದು. ನೀರು 60 ಡಿಗ್ರಿಯ ಮೇಲಿರಲಿ.

1923ರ ಭಾರತೀಯ ಬಾಯ್ಲರು ಶಾಸನದ ಸ್ಥಳದಲ್ಲಿ 2025ರಲ್ಲಿ ಹೊಸ ಶಾಸನವು ಬಂದಿರುವದು. ಬಾಯ್ಲರಿಗೆ ಸೇರಿದ ಕೊಳವೆಗಳು ತಪಾಸಣೆಗಾರರ ಕಣ್ಣಿಗೆ ಬೀಳುವವು. ಆದರೆ ಚಿಕ್ಕ ಕುಲುಮೆಯ ಬೇರೆಯಾದ ನೀರಿನ ಸುತ್ತು ಆ ಕಣ್ಣಿಗೆ ಬೀಳದೆ ಉಳಿಯಬಹುದು. ಶಾಸನದ ಕಣ್ಣು ಮುಟ್ಟದಲ್ಲಿ ಕೆಲಸಗಾರನ ತಿಳಿವಳಿಕೆಯೇ ಕಾವಲುಗಾರನು. ಆ ತಿಳಿವಳಿಕೆಯು ಯಾವ ಭಾಷೆಯಲ್ಲಿ ಬರಬೇಕು?

ಬಂಧುಗಳೇ, ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರ ನವ್ಹೆಂಬರ 1ರಂದು ಒಂದಾಯಿತು. ಅದಕ್ಕಾಗಿ ಹಿರಿಯರು ಪಟ್ಟ ಪಾಡು ನಕಾಶೆಯ ಗೆರೆಗಳಿಗಾಗಿ ಮಾತ್ರವಿರಲಿಲ್ಲ. ಕನ್ನಡಿಗನು ತನ್ನ ಕೆಲಸವನ್ನು ತನ್ನ ನುಡಿಯಲ್ಲಿ ಅರಿತು ಮಾಡಲೆಂಬುದೂ ಅದರೊಳಗಿದ್ದಿತು. ಕುಲುಮೆಯ ಗೋಡೆಯ ಮೇಲೆ ‘ನೀರಿನ ಹೊರದಾರಿಯನ್ನು ಎಂದಿಗೂ ಮುಚ್ಚಬೇಡ, ಸೋರಿದರೆ ಮೊದಲು ಉರಿಯನ್ನು ಇಳಿಸು’ ಎಂದು ಒಂದು ಸಾಲು ಕನ್ನಡ ಬರೆದಿದ್ದರೆ ಒಬ್ಬ ಬಡವನ ಕೈ ಉಳಿಯುತ್ತಿದ್ದಿತು. ಮಾಸ್ತರರಲ್ಲಿ ನನ್ನ ಬಿನ್ನಹವಿಷ್ಟೇ: ಕಾಗದದ ದೊನ್ನೆಯ ಪ್ರಯೋಗವನ್ನು ಮಕ್ಕಳಿಗೆ ತೋರಿಸಿರಿ. ಕಾರಖಾನೆಯವರಲ್ಲಿ ಬಿನ್ನಹ: ನಾಳೆ ಬೆಳಿಗ್ಗೆ ತಮ್ಮ ಕುಲುಮೆಯ ಹತ್ತಿರ ಹೋಗಿ, ನೀರಿನ ಹೊರದಾರಿಯಲ್ಲಿ ತಿರುಪು ಇದೆಯೇ ಎಂದು ನೋಡಿರಿ. ಇದ್ದರೆ ತೆಗೆಯಿಸಿರಿ. ತೆಗೆಯಿಸುವವರೆಗೆ ಆ ಒಂದು ಸಾಲನ್ನು ದಪ್ಪ ಅಕ್ಷರಗಳಲ್ಲಿ, ಕನ್ನಡದಲ್ಲಿ, ಅಲ್ಲಿಯೇ ಬರೆಯಿಸಿರಿ.