ಹಿತ್ತಲ ಹೂಮರಗಳ ಗುರುತು ಮತ್ತು ಚಿತ್ರ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನಲ್ಲಿ ಕುಳಿತು ಹೊಂಗೆಮರವನ್ನು ತೋರಿಸಿ ಹೆಸರು ಕೇಳಿ ನೋಡಿ. ಕನ್ನಡದವರು ಹೊಂಗೆ ಎನ್ನುತ್ತಾರೆ, ತೆಲುಗಿನವರು ಕಾನುಗ ಎನ್ನುತ್ತಾರೆ, ಚಿನ್ನದ ಗಣಿಗೆಂದು ಬಂದು ನೆಲೆಸಿದ ತಮಿಳರು ಪುಂಗಮರ ಎನ್ನುತ್ತಾರೆ. ಹೆಸರು ಮೂರು, ಮರ ಒಂದೇ. ಇದರಿಂದ ನಷ್ಟವಿಲ್ಲ. ಹಲವು ಮರಗಳಿಗೆ ಒಂದೇ ಹೆಸರು ಹೇಳಿದಾಗಲೇ ಕಷ್ಟ.

‘ಹಳದಿ ಹೂವಿನ ಮರ’ ಎಂದರೆ ಯಾವುದು? ಕಕ್ಕೆಯ ಹೂಗೊಂಚಲು ಕೆಳಗೆ ಜೋತಾಡುತ್ತದೆ. ಕಾಯಿ ಮೊಳದುದ್ದದ ಕರಿಯ ಕೋಲಿನಂತೆ ಇರುತ್ತದೆ. ರಸ್ತೆ ಬದಿಯ ಕಾಪರ್‌ಪಾಡ್ ಮರದ ಹೂಗೊಂಚಲು ಮೇಲಕ್ಕೆ ನಿಲ್ಲುತ್ತದೆ. ಕಾಯಿ ಚಪ್ಪಟೆ, ಬಣ್ಣ ತಾಮ್ರದ್ದು. ಹಳದಿ ಕಣಗಿಲೆಯ ಹೂ ಆಲಿಕೆಯಂತೆ, ಎಲೆ ಕಿರಿದು ಮತ್ತು ಉದ್ದ. ಮುರಿದರೆ ಹಾಲು ಬರುತ್ತದೆ. ಇದರ ಬೀಜ ಹೃದಯದ ಬಡಿತವನ್ನೇ ಕೆಡಿಸುವ ವಿಷ. ಮಗು ಬೀಜ ನುಂಗಿದಾಗ ‘ಯಾವುದೋ ಹಳದಿ ಹೂವಿನ ಮರ’ ಎಂದರೆ ವೈದ್ಯರಿಗೆ ಏನು ತಿಳಿದೀತು? ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಮರದ ಚಿತ್ರವನ್ನೂ ತೋರಿಸಿ. ದನಕರುಗಳಿಗೂ ಈ ಗಿಡ ವಿಷವೇ.

ಆದ್ದರಿಂದ ಬರಿಯ ಹೂ ನೋಡಿ ಹೆಸರಿಡಬೇಡಿ. ಇಂದು ಹೆಚ್ಚು ಕಡಿಮೆ ಪ್ರತಿ ಮನೆಯಲ್ಲೂ ಮೊಬೈಲ್ ಇದೆ. ಒಂದೊಂದು ಮರಕ್ಕೆ ಐದು ಚಿತ್ರ ತೆಗೆಯಿರಿ: ಇಡೀ ಮರ, ತೊಗಟೆ, ಎಲೆ, ಹೂ, ಕಾಯಿ. ಮೊದಲು ಮೊಬೈಲಿನ ಗಾಜನ್ನು ಬಟ್ಟೆಯಿಂದ ಒರೆಸಿ. ಬೆಳಗಿನ ಹೊತ್ತು ಒಳ್ಳೆಯದು. ಬಿಸಿಲು ನಿಮ್ಮ ಬೆನ್ನಿಗಿರಲಿ. ಎಲೆಯನ್ನು ಕಡ್ಡಿ ಸಮೇತ ಬಿಳಿಯ ಕಾಗದದ ಮೇಲಿಟ್ಟು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ತಿಳಿಯುತ್ತದೆ. ಮುತ್ತುಗದ ಕಡ್ಡಿಗೆ ಮೂರು ಎಲೆ. ಹೊಂಗೆಗೆ ಸಾಮಾನ್ಯವಾಗಿ ಐದು ಅಥವಾ ಏಳು. ಈ ಲೆಕ್ಕ ಚಿತ್ರದಲ್ಲಿ ಕಾಣಬೇಕು.

ಎಲ್ಲವೂ ಒಂದೇ ದಿನ ಸಿಕ್ಕುವುದಿಲ್ಲ. ಮುತ್ತುಗ ಎಲೆಯುದುರಿಸಿ ಶಿವರಾತ್ರಿಯ ಸುಮಾರಿಗೆ ಕೆಂಡದಂತೆ ಅರಳುತ್ತದೆ, ಹೊಂಗೆ ಯುಗಾದಿಯ ಆಸುಪಾಸಿನಲ್ಲಿ, ಕಕ್ಕೆ ವೈಶಾಖದ ಬಿಸಿಲಿನಲ್ಲಿ. ಹೂವಿಗೊಮ್ಮೆ, ಕಾಯಿಗೊಮ್ಮೆ ಅದೇ ಮರದ ಬಳಿಗೆ ಹೋಗಿ. ದಿನಾಂಕ, ಊರು, ಯಾರ ಹೊಲದ ಬದು ಎಂಬುದನ್ನು ಬರೆದಿಡಿ. ಮೊಬೈಲು ಹೇಳುವ ಹೆಸರು ತಪ್ಪಿರಬಹುದು. ಊರಿನ ಹಿರಿಯರನ್ನು ಕೇಳಿ, ಎಲೆ ಕಾಯಿಗಳೊಡನೆ ತಾಳೆ ನೋಡಿ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗೊಂದು ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲೆ ಇಡಬೇಕು. ನಿಮ್ಮ ಚಿತ್ರಗಳು ಅಲ್ಲಿಗೆ ಸೇರಲಿ. ಪ್ರತಿ ಚಿತ್ರದ ಕೆಳಗೆ ಮೂರು ಭಾಷೆಯ ಹೆಸರನ್ನೂ ಬರೆಯಿರಿ: ಕಕ್ಕೆ, ರೇಲ, ಕೊನ್ನೈ. 2001ರಲ್ಲಿ ಗಣಿ ಮುಚ್ಚಿತು. ಅದಕ್ಕೆಂದು ಬಂದವರ ಮಾತು ನಮ್ಮ ನೆಲದಲ್ಲಿ ಉಳಿದಿದೆ. ಹೆಸರು ಬಲ್ಲ ಅಜ್ಜಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಈ ಭಾನುವಾರ ನಿಮ್ಮ ಹಿತ್ತಲಿನ ಒಂದು ಮರದಿಂದಲೇ ಆರಂಭಿಸಿ.