ಹಳೆಯ ಕುರ್ಚಿ, ಹೊಸ ಬಟ್ಟೆ



ಹಬ್ಬ ಹತ್ತಿರ ಬಂತೆಂದರೆ ಹೊಸ ಸೋಫಾ ತರುವ ಮಾತು ಏಳುತ್ತದೆ. ಹಳೆಯದರ ಬಟ್ಟೆ ಹರಿದಿದೆ, ಕೂತರೆ ಕುಸಿಯುತ್ತದೆ ಎನ್ನುತ್ತೇವೆ. ನಿಜ. ಆದರೆ ಸವೆದದ್ದು ಯಾವುದು? ಮೇಲಿನ ಬಟ್ಟೆ, ಒಳಗಿನ ಫೋಮ್. ತೇಗದ ಚೌಕಟ್ಟು ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ.

ದುರಸ್ತಿಗೆ ಬಂದದ್ದು ಸೋಫಾ ಇರಲಿ, ಕುರ್ಚಿ ಇರಲಿ, ಅನುಭವಿ ಕೆಲಸಗಾರರು ಮೊದಲು ಅದನ್ನು ಅಲುಗಾಡಿಸಿ ನೋಡುತ್ತಾರೆ. ಕೀಲು ಸಡಿಲವಾಗಿದ್ದರೆ ಬಿಗಿ ಮಾಡುತ್ತಾರೆ. ಆಮೇಲೆ ಹೊಸ ಫೋಮ್, ಹೊಸ ಬಟ್ಟೆ. ಬೆತ್ತದ ಕುರ್ಚಿಯಾದರೆ ಬೆತ್ತವನ್ನು ನೀರಲ್ಲಿ ನೆನೆಸಿ ಹೆಣೆಯುತ್ತಾರೆ. ಒಣಗುತ್ತಾ ಅದು ತಾನೇ ಬಿಗಿಯಾಗುತ್ತದೆ.

ಹೀಗೆ ಸಜ್ಜಾದ ಅಜ್ಜನ ಕುರ್ಚಿ ಇಂದಿನ ಗಾಜಿನ ಟೀಪಾಯಿಯ ಪಕ್ಕ ಒಪ್ಪುತ್ತದೆಯೇ? ಖಂಡಿತ ಒಪ್ಪುತ್ತದೆ. ಎರಡನ್ನೂ ಬೆಸೆಯಲು ಒಂದು ಬಣ್ಣ ಸಾಕು. ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಕುರ್ಚಿಗೊಂದು ದಿಂಬು ಹೊಲಿಸಿ. ಅದೇ ಕೆಂಪು ಕಿಟಕಿಯ ಪರದೆಯ ಅಂಚಿನಲ್ಲೂ ಇರಲಿ. ಬೇರೆ ಬೇರೆ ಕಾಲದ ವಸ್ತುಗಳು ಒಂದೇ ಮನೆಯವಾಗಿ ಕಾಣುತ್ತವೆ.

ಹಿರಿಯರ ರೂಢಿ, ಕಿರಿಯರ ರುಚಿ ಒಂದೇ ಸೂರಿನಡಿ ಬಾಳುವುದೂ ಹೀಗೆಯೇ. ಒಂದನ್ನು ಹೊರಹಾಕದೆ ಇನ್ನೊಂದಕ್ಕೆ ಜಾಗ ಕೊಡಬಹುದು.

ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಅದರ ಕಾಲುಗಳನ್ನೊಮ್ಮೆ ಪರೀಕ್ಷಿಸಿ. ಗಟ್ಟಿಯಿದ್ದರೆ ನಿಮ್ಮೂರಿನ ಕುಶನ್ ಕೆಲಸಗಾರರನ್ನು ಕರೆಯಿರಿ. ಮನೆಗೂ ಕಳೆ, ಅವರಿಗೂ ಕೆಲಸ.