ಮೋಟಾರು ಬಂಡಿಯ ಮೊದಲ ಪರೀಕ್ಷೆ



ಒಂದು ಯಂತ್ರ ಕಾರ್ಖಾನೆಯ ಅಂಗಳದಲ್ಲಿ ಓಡಿದ ಮಾತ್ರಕ್ಕೆ ಜನ ಅದನ್ನು ನಂಬುವುದಿಲ್ಲ. ಮೋಟಾರು ಕಾರಿನ ಆರಂಭದ ದಿನಗಳು ಇದಕ್ಕೆ ಒಳ್ಳೆಯ ನಿದರ್ಶನ.

ಜರ್ಮನಿಯ ಮಾನ್‌ಹೈಮ್ ನಗರದ ಎಂಜಿನಿಯರ್ ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಗೆ ಪೇಟೆಂಟ್ ಕೋರಿದ್ದು 1886ರ ಜನವರಿ 29ರಂದು. ಅದಕ್ಕೆ ಮೂರೇ ಚಕ್ರ, ಒಂದೇ ಸಿಲಿಂಡರು. ಎಂಜಿನ್ನಿನ ಬಲ ಒಂದು ಅಶ್ವಶಕ್ತಿಗೂ ಕಡಿಮೆ. ಹಳೆಯ ಕುದುರೆಗಾಡಿಗೆ ಎಂಜಿನ್ ಜೋಡಿಸದೆ, ಚೌಕಟ್ಟು, ಚಕ್ರ, ಎಂಜಿನ್ ಎಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಹೊಸದಾಗಿಯೇ ರೂಪಿಸಿದ್ದು ಬೆಂಜ್‌ನ ಹೆಚ್ಚುಗಾರಿಕೆ. ಅದೇ ಜುಲೈನಲ್ಲಿ ಬಂಡಿ ಊರಿನ ರಸ್ತೆಯಲ್ಲಿ ಓಡಿತು. ಜನ ನೋಡಿದರು, ಕೊಳ್ಳಲು ಮಾತ್ರ ಮುಂದೆ ಬರಲಿಲ್ಲ.

ಕಾರ್ಲನ ಪತ್ನಿ ಬರ್ತಾ ತನ್ನ ತವರಿನಿಂದ ಬರಬೇಕಿದ್ದ ಹಣವನ್ನು ಮದುವೆಗೆ ಮುಂಚೆಯೇ ಆತನ ಉದ್ಯಮಕ್ಕೆ ಹಾಕಿದ್ದಳು. ಬಂಡಿ ಸೋತರೆ ಆ ಸಂಸಾರವೇ ಸೋತಂತೆ. 1888ರ ಆಗಸ್ಟ್‌ನ ಒಂದು ಮುಂಜಾನೆ, ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಸುಧಾರಿಸಿದ ಮಾದರಿಯ ಬಂಡಿಯಲ್ಲಿ ಆಕೆ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ದೂರ ಸುಮಾರು 100 ಕಿಲೋಮೀಟರು.

ಆಗ ಪೆಟ್ರೋಲ್ ಬಂಕುಗಳೆಲ್ಲಿ? ಬಂಡಿಗೆ ಬೇಕಾದ ಲಿಗ್ರೋಯಿನ್ ಎಂಬ ದ್ರವ ಬಟ್ಟೆಯ ಕಲೆ ತೆಗೆಯಲೆಂದು ಔಷಧದ ಅಂಗಡಿಯಲ್ಲಿ ಸಿಗುತ್ತಿತ್ತು. ವೀಸ್‌ಲೋಖ್ ಎಂಬ ಊರಿನಲ್ಲಿ ಆಕೆ ಅದನ್ನು ಕೊಂಡಳು. ಎಂಜಿನ್ ತಣಿಸುವ ನೀರು ಆವಿಯಾಗಿ ಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ನೀರು ತುಂಬಬೇಕಾಯಿತು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಗೆಯ ಪಿನ್ನಿನಿಂದ ಅದನ್ನು ಬಿಡಿಸಿದಳೆಂದು ಹೇಳುತ್ತಾರೆ. ಬ್ರೇಕಿನ ಮರದ ತುಂಡುಗಳು ಸವೆದಾಗ ಚಮ್ಮಾರನೊಬ್ಬನಿಂದ ಅವುಗಳಿಗೆ ಚರ್ಮ ಹೊಡೆಸಿದಳು. ಏರುದಾರಿಯಲ್ಲಿ ಎಂಜಿನ್ ಸೋತಿತು, ಇಳಿದು ತಳ್ಳಬೇಕಾಯಿತು. ಆದರೂ ಅದೇ ದಿನ ಊರು ಮುಟ್ಟಿ ಗಂಡನಿಗೆ ತಂತಿ ಕಳುಹಿಸಿದಳು.

ಈ ಪ್ರಯಾಣದಿಂದ ಆದ ಲಾಭವೇನು? ಬಂಡಿ ದೂರ ಹೋಗಬಲ್ಲದೆಂದು ಜನ ಕಣ್ಣಾರೆ ಕಂಡರು. ಅದರ ಕೊರತೆಗಳೂ ಬೆಳಕಿಗೆ ಬಂದವು. ಏರು ಹತ್ತಲು ಅನುಕೂಲವಾಗುವಂತೆ ಬೆಂಜ್ ಬಂಡಿಗೆ ಇನ್ನೊಂದು ಗೇರನ್ನು ಸೇರಿಸಿದ. ನಕ್ಷೆಯ ಮೇಲೆ ಕಾಣದ ದೋಷವನ್ನು ರಸ್ತೆ ತೋರಿಸಿಕೊಟ್ಟಿತು.

ಬೆಂಜ್‌ನ ಪೇಟೆಂಟನ್ನು 2011ರಲ್ಲಿ ಯುನೆಸ್ಕೋ 'ವಿಶ್ವದ ಸ್ಮೃತಿ' ದಾಖಲೆಗಳ ಪಟ್ಟಿಗೆ ಸೇರಿಸಿತು. ಅದರಲ್ಲಿ ಬರ್ತಾಳ ಹೆಸರಿಲ್ಲ. ಮಿತ್ರರೇ, ಯಾವುದೇ ಯಂತ್ರದ ಚರಿತ್ರೆ ಓದುವಾಗ, ಅದನ್ನು ಮಾಡಿದವರು ಯಾರೆಂದು ತಿಳಿದರೆ ಸಾಲದು. ಮೊದಲು ಬಳಸಿ ಪರೀಕ್ಷಿಸಿದವರು ಯಾರೆಂದೂ ಕೇಳಬೇಕು.